ಏಳು ಕೆ.ಜಿ.ಯ ಒಂದೇ ಚೀಲದಲ್ಲಿ ಹತ್ತು ರಾತ್ರಿಯ ಕ್ರೂಸ್

ಪ್ರಶ್ನೆ: ನಾನೂ ನನ್ನ ಪತ್ನಿಯೂ ಮೊದಲ ಬಾರಿಗೆ ಕ್ರೂಸ್ ಪ್ರವಾಸಕ್ಕೆ ಹೊರಟಿದ್ದೇವೆ. ಬಂದರಿನವರೆಗೆ ವಿಮಾನ, ಆಮೇಲೆ ಮೆಡಿಟರೇನಿಯನ್ ಸಮುದ್ರದಲ್ಲಿ ಹತ್ತು ರಾತ್ರಿ. ವಿಮಾನದಲ್ಲಿ ತಲಾ 7 ಕೆ.ಜಿ.ಯ ಒಂದು ಕ್ಯಾಬಿನ್ ಬ್ಯಾಗ್ ಹಾಗೂ ಸೀಟಿನಡಿ ಇಡುವಂಥ ಒಂದು ಸಣ್ಣ ಚೀಲಕ್ಕೆ ಅವಕಾಶವಿದೆ. ಚೆಕ್-ಇನ್ ಲಗೇಜ್ ಇಲ್ಲದೆ ಇಷ್ಟರಲ್ಲೇ ಮುಗಿಸಬೇಕೆಂಬುದು ನನ್ನ ಆಸೆ. ಹಡಗಿನಲ್ಲಿ ಎರಡು ‘ಫಾರ್ಮಲ್ ನೈಟ್’, ಅಂದರೆ ಔಪಚಾರಿಕ ಉಡುಪು ತೊಟ್ಟು ಊಟಕ್ಕೆ ಹೋಗಬೇಕಾದ ರಾತ್ರಿಗಳು, ಇರುವುದರಿಂದ ಅದು ಆಗದ ಮಾತು ಎನ್ನುತ್ತಾರೆ ಪತ್ನಿ. ಇದು ಸಾಧ್ಯವೇ?

ಉತ್ತರ: ಸಾಧ್ಯ. ಆದರೆ ನಿಮ್ಮ ಪತ್ನಿಯವರ ಆತಂಕವನ್ನು ತಳ್ಳಿಹಾಕಿ ಅಲ್ಲ, ಅದನ್ನೂ ಲೆಕ್ಕದೊಳಗೆ ಸೇರಿಸಿಕೊಂಡು. ಕ್ರೂಸ್ ಎಂದೊಡನೆ ಜನ ಅಟ್ಟದಿಂದ ದೊಡ್ಡ ಸೂಟ್‌ಕೇಸ್ ಇಳಿಸುವುದಕ್ಕೆ ಕಾರಣವಿಲ್ಲದಿಲ್ಲ. ಹಡಗು ಹತ್ತಿದ ಮೇಲೆ ಸಾಮಾನು ಹೊತ್ತು ತಿರುಗುವ ಪ್ರಸಂಗವೇ ಬರುವುದಿಲ್ಲ, ಕೋಣೆಯೇ ನಮ್ಮೊಡನೆ ಬಂದರಿನಿಂದ ಬಂದರಿಗೆ ಬರುತ್ತದೆ, ಹಾಗಿರುವಾಗ ಎಲ್ಲವನ್ನೂ ಒಯ್ದರೇನು ನಷ್ಟ ಎಂಬುದು ಅವರ ತರ್ಕ. ನಾನು ಇದೇ ಸಂಗತಿಯಿಂದ ಹೊರಟು ಇದಕ್ಕೆ ತೀರ ವಿರುದ್ಧವಾದ ತೀರ್ಮಾನಕ್ಕೆ ಬಂದಿದ್ದೇನೆ. ಹತ್ತೂ ರಾತ್ರಿ ಅದೇ ಕೋಣೆ, ಅದೇ ಸ್ನಾನಗೃಹ ಇರುವುದರಿಂದ ರಾತ್ರಿ ಒಗೆದ ಬಟ್ಟೆ ಬೆಳಿಗ್ಗೆಗೆ ಪೂರ್ತಿ ಒಣಗದಿದ್ದರೂ ಚಿಂತೆಯಿಲ್ಲ; ಅದನ್ನು ಒದ್ದೆಯಾಗಿಯೇ ಚೀಲಕ್ಕೆ ತುರುಕಿಕೊಂಡು ರೈಲು ಹಿಡಿಯುವ ಪಾಡು ಇಲ್ಲಿಲ್ಲ. ಆದ್ದರಿಂದ ಎಷ್ಟು ದಿನ ಎಂದು ಎಣಿಸಿ ಬಟ್ಟೆ ತುಂಬುವುದನ್ನು ಬಿಟ್ಟು, ಎಷ್ಟು ಸಲ ಒಗೆಯುತ್ತೇವೆ ಎಂದು ಎಣಿಸಿ ತುಂಬಬೇಕು. ಹತ್ತು ರಾತ್ರಿಯ ನಡುವೆ ಎರಡು ಮೂರು ಸಲ ಒಗೆಯಲು ನೀವು ಸಿದ್ಧರಿದ್ದರೆ ನಾಲ್ಕು ದಿನದ ಬಟ್ಟೆ ಸಾಕು. ಹತ್ತು ರಾತ್ರಿಗೆ ಮಾತ್ರವಲ್ಲ, ಹದಿನಾಲ್ಕು ರಾತ್ರಿಗೂ ಅಷ್ಟೇ ಸಾಕು.

ಮುಂದೆ ಗೊಂದಲವಾಗದಿರಲೆಂದು ಒಂದು ಮಾತು: ವಿಮಾನದವರಿಗೂ ‘ಕ್ಯಾಬಿನ್’ ಇದೆ, ಹಡಗಿನವರಿಗೂ ಇದೆ. ಈ ಉತ್ತರದಲ್ಲಿ ಹಡಗಿನದನ್ನು ಕೋಣೆ ಎಂದೇ ಕರೆಯುತ್ತೇನೆ.

ಇಷ್ಟು ಕಷ್ಟಪಟ್ಟು ಹಗುರವಾಗುವುದರಿಂದ ಸಿಗುವುದೇನು ಎಂದು ಪತ್ನಿಯವರು ಕೇಳಬಹುದು. ವಿಮಾನದಲ್ಲಿ ಚೆಕ್-ಇನ್ ಮಾಡಿದ ಪೆಟ್ಟಿಗೆ ಬರುವುದು ಒಂದು ದಿನ ತಡವಾದರೆ ಹೋಟೆಲಿನಲ್ಲಿ ಇಳಿದುಕೊಂಡವರು ಕಾಯಬಹುದು, ಹಡಗು ಕಾಯುವುದಿಲ್ಲ. ಪೆಟ್ಟಿಗೆ ನಮ್ಮನ್ನು ಹಿಂಬಾಲಿಸಿ ಮುಂದಿನ ಬಂದರಿಗೆ, ಅಲ್ಲಿಂದ ಅದರ ಮುಂದಿನ ಬಂದರಿಗೆ ಓಡಬೇಕಾಗುತ್ತದೆ. ನನ್ನ ಮೊದಲ ಕ್ರೂಸ್‌ನಲ್ಲಿ ನನ್ನ ಪೆಟ್ಟಿಗೆ ಮೂರನೆಯ ಬಂದರಿನಲ್ಲಿ ನನ್ನನ್ನು ಕೂಡಿಕೊಂಡಿತು, ಮತ್ತು ಆ ಮೂರು ದಿನ ಎರಡು ಅಂಗಿಗಳಲ್ಲಿ ನಾನು ಆರಾಮವಾಗಿಯೇ ಇದ್ದೆ ಎಂಬುದು ಈ ಅಭ್ಯಾಸದ ಮೂಲ. ವಿಮಾನ ಸರಿಯಾಗಿ ತಲುಪಿಸಿದರೂ ಟರ್ಮಿನಲ್‌ನಲ್ಲಿ ಕೂಲಿಯವರ ಕೈಗೆ ಕೊಟ್ಟ ದೊಡ್ಡ ಪೆಟ್ಟಿಗೆಗಳು ಎಕ್ಸ್-ರೇ ತಪಾಸಣೆ ಮುಗಿಸಿ ಸಾವಿರಾರು ಪೆಟ್ಟಿಗೆಗಳ ನಡುವಿನಿಂದ ವಿಂಗಡಣೆಯಾಗಿ ಕೋಣೆಯ ಬಾಗಿಲಿಗೆ ಬರುವ ಹೊತ್ತಿಗೆ ಅನೇಕ ಸಲ ಸಂಜೆಯಾಗಿರುತ್ತದೆ. ಕೊನೆಯ ರಾತ್ರಿಯಲ್ಲಿ ಅವನ್ನು ಮಲಗುವ ಮುನ್ನವೇ ಕಟ್ಟಿ ಬಾಗಿಲಾಚೆ ಇಡಬೇಕು. ಮರುದಿನದ ಪ್ಯಾಂಟನ್ನೂ ಸೇರಿಸಿ ಕಟ್ಟಿಟ್ಟು, ಮಲಗುವ ಉಡುಪಿನಲ್ಲೇ ಬೆಳಿಗ್ಗೆ ಹಡಗಿನಿಂದ ಇಳಿದವರ ಕತೆ ಪ್ರತಿ ಹಡಗಿನಲ್ಲೂ ಒಂದಿರುತ್ತದೆ. ತಮ್ಮ ಸಾಮಾನನ್ನು ತಾವೇ ಹೊತ್ತು ಇಳಿಯುವವರಿಗೆ ಈ ಯಾವುದೂ ಇಲ್ಲ, ಅವರನ್ನು ಸಾಮಾನ್ಯವಾಗಿ ಎಲ್ಲರಿಗಿಂತ ಮೊದಲೇ ಇಳಿಯಬಿಡುತ್ತಾರೆ.

ಈಗ ತೂಕಕ್ಕೆ ಬರೋಣ. ಜನ ಮೊದಲು ನೋಡುವುದು ಅಳತೆಯನ್ನು, ಎಂದರೆ 55 ಸೆಂ.ಮೀ. ಎತ್ತರದ ಆಸುಪಾಸಿನಲ್ಲಿ ವಿಮಾನ ಸಂಸ್ಥೆಗಳು ಹೇಳುವ ಉದ್ದಗಲಗಳನ್ನು. ಆದರೆ ನಿಮ್ಮಂಥವರನ್ನು ಕಾಡುವುದು ಅಳತೆಗಿಂತ ಆ 7 ಕೆ.ಜಿ. ಗಟ್ಟಿ ಕವಚದ, ನಾಲ್ಕು ಚಕ್ರದ ಸಣ್ಣ ಸೂಟ್‌ಕೇಸ್ ಖಾಲಿಯಿದ್ದಾಗಲೇ ಎರಡೂವರೆಯಿಂದ ಮೂರು ಕೆ.ಜಿ. ತೂಗುತ್ತದೆ, ಅಂದರೆ ಒಂದು ಕರ್ಚೀಫನ್ನೂ ಇಡುವ ಮುನ್ನವೇ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಮುಗಿದಿರುತ್ತದೆ. ಬೆನ್ನಿಗೆ ಹಾಕುವ ಸರಳವಾದ ಬಟ್ಟೆಯ ಚೀಲ 1.2 ಕೆ.ಜಿ.ಯೊಳಗೆ ಸಿಗುತ್ತದೆ. ಬೆನ್ನುನೋವಿನ ಕಾರಣ ಚಕ್ರ ಬೇಕೇ ಬೇಕು ಎನ್ನುವವರು ಎರಡು ಚಕ್ರದ, ಮೆತ್ತನೆಯ ಬದಿಗಳ ಚೀಲವನ್ನು ನೋಡಲಿ. ಬಟ್ಟೆಯನ್ನು ಅದುಮಿ ಚಿಕ್ಕದಾಗಿಸುವ ಜಿಪ್ ಚೀಲಗಳನ್ನು ತುಂಬ ಹೊಗಳುವವರಿದ್ದಾರೆ. ಅವು ಗಾತ್ರವನ್ನು ಇಳಿಸುತ್ತವೆಯೇ ಹೊರತು ತೂಕವನ್ನಲ್ಲ, ತಮ್ಮ ತೂಕವನ್ನಷ್ಟು ಸೇರಿಸುತ್ತವೆ ಕೂಡ.

ನನ್ನದೇ ಚೀಲವನ್ನು ತಕ್ಕಡಿಯಲ್ಲಿಟ್ಟು ಬರೆದುಕೊಂಡ ಲೆಕ್ಕ ಹೀಗಿದೆ. ಚೀಲ 1.2 ಕೆ.ಜಿ., ಬಟ್ಟೆ 3, ಹೆಚ್ಚುವರಿ ಪಾದರಕ್ಷೆ 0.8, ಸ್ನಾನದ ಸಾಮಗ್ರಿ 0.6, ಚಾರ್ಜರ್ ಮುಂತಾದವು 0.6, ಔಷಧ ಮತ್ತು ಕಾಗದಪತ್ರ 0.4, ಒಟ್ಟು 6.6 ಕೆ.ಜಿ. ಆ ಮೂರು ಕೆ.ಜಿ. ಬಟ್ಟೆ ಕಡಿಮೆಯೇನಲ್ಲ. ಸುಮಾರು 150 ಗ್ರಾಂ ತೂಗುವ ಐದು ಅಂಗಿಗಳು, 300 ಗ್ರಾಂ ಒಳಗಿನ ಎರಡು ಪ್ಯಾಂಟು, ಒಂದು ಚಡ್ಡಿ, ಈಜುಡುಗೆ, ಐದು ಜೊತೆ ಒಳಉಡುಪು, ನಾಲ್ಕು ಜೊತೆ ಕಾಲುಚೀಲ, ರಾತ್ರಿಯೂಟಕ್ಕೆ ಒಂದು ಒಳ್ಳೆಯ ಶರ್ಟು ಮತ್ತು ಟೈ, ತೆಳುವಾದ ಒಂದು ಉಣ್ಣೆಯ ಅಂಗಿ, ಮಡಚಿದರೆ ಮುಷ್ಟಿಯಷ್ಟಾಗುವ ಮಳೆಯ ಜಾಕೆಟ್ ಎಲ್ಲವೂ ಅದರಲ್ಲಿವೆ. ಮೈಮೇಲೆ ತೊಟ್ಟುಕೊಂಡು ವಿಮಾನ ಹತ್ತುವ ಬಟ್ಟೆ ಈ ಲೆಕ್ಕದ ಹೊರಗಿನದು. ಜೀನ್ಸ್ ಈ ಪಟ್ಟಿಯಲ್ಲಿ ಇಲ್ಲದಿರುವುದನ್ನು ಗಮನಿಸಿದಿರಾ? ಒಂದು ಜೀನ್ಸ್ ಎರಡು ಹಗುರ ಪ್ಯಾಂಟುಗಳಷ್ಟು ತೂಗುತ್ತದೆ ಮತ್ತು ಕೋಣೆಯ ಸ್ನಾನಗೃಹದಲ್ಲಿ ಎರಡು ದಿನವಾದರೂ ಒಣಗುವುದಿಲ್ಲ.

ಒಗೆಯುವ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಕಾರ್ನಿವಲ್, ಪ್ರಿನ್ಸೆಸ್, ಕುನಾರ್ಡ್ ಮೊದಲಾದ ಸಂಸ್ಥೆಗಳ ಹಡಗುಗಳಲ್ಲಿ ಪ್ರಯಾಣಿಕರೇ ಬಳಸಬಹುದಾದ ಬಟ್ಟೆ ಒಗೆಯುವ ಯಂತ್ರಗಳ ಕೋಣೆಗಳು ಇರುತ್ತವೆ. ರಾಯಲ್ ಕೆರಿಬಿಯನ್ ಹಡಗುಗಳಲ್ಲಿ ಆ ಸೌಕರ್ಯವಿಲ್ಲ, ಹಣ ಕೊಟ್ಟು ಒಗೆಸಬೇಕು. ನಿಮ್ಮ ಹಡಗಿನಲ್ಲಿ ಯಾವ ವ್ಯವಸ್ಥೆಯಿದೆ ಎಂಬುದನ್ನು ಬುಕಿಂಗ್ ಮಾಡಿದವರಲ್ಲಿ ಈಗಲೇ ಕೇಳಿ. ಯಂತ್ರವಿಲ್ಲದಿದ್ದರೂ ವಾಶ್ ಬೇಸಿನ್ ಇದ್ದೇ ಇದೆ. ಒಂದು ಸಣ್ಣ ಬಟ್ಟೆ ಸೋಪು ಇದ್ದರೆ ಎರಡು ಅಂಗಿ, ಎರಡು ಜೊತೆ ಒಳಉಡುಪು ಹತ್ತು ನಿಮಿಷದ ಕೆಲಸ. ಗುಟ್ಟಿರುವುದು ಒಗೆಯುವುದರಲ್ಲಲ್ಲ, ನೀರು ತೆಗೆಯುವುದರಲ್ಲಿ. ಬಟ್ಟೆಯನ್ನು ತಿರುಚಿ ಹಿಂಡಬೇಡಿ, ಸುಕ್ಕು ನಿಲ್ಲುತ್ತದೆ. ಅಂಗೈಯಲ್ಲಿ ಒತ್ತಿ ನೀರಿಳಿಸಿ, ಒಣಗಿದ ಟವೆಲ್ ಮೇಲೆ ಹರಡಿ, ಎರಡನ್ನೂ ಸೇರಿಸಿ ಚಾಪೆಯಂತೆ ಸುತ್ತಿ, ಸುರುಳಿಯ ಮೇಲೆ ಕಾಲಿಟ್ಟು ತುಳಿಯಿರಿ. ಆಮೇಲೆ ಸ್ನಾನದ ಜಾಗದಲ್ಲಿ ಎಳೆದು ಕಟ್ಟುವ ಹಗ್ಗವಿದ್ದರೆ ಅದರ ಮೇಲೆ, ಇಲ್ಲದಿದ್ದರೆ ಹ್ಯಾಂಗರಿನಲ್ಲಿ, ಗಾಳಿಯನ್ನು ಹೊರಕ್ಕೆಳೆಯುವ ಜಾಲರಿಯ ಕೆಳಗೆ ತೂಗುಹಾಕಿ. ನೈಲಾನ್ ಅಥವಾ ಪಾಲಿಯೆಸ್ಟರ್ ಬಟ್ಟೆಯೂ ಮೆರಿನೊ ಎಂಬ ತಳಿಯ ಕುರಿಯ ತೆಳುವಾದ ಉಣ್ಣೆಯೂ ಬೆಳಿಗ್ಗೆಗೆ ಒಣಗಿರುತ್ತವೆ, ದಪ್ಪ ಹತ್ತಿಯ ಬಟ್ಟೆ ಒಣಗಿರುವುದಿಲ್ಲ. ಮೆರಿನೊಗೆ ಇನ್ನೊಂದು ಗುಣವಿದೆ. ಬೆವರಿನ ವಾಸನೆಯನ್ನು ಬೇಗ ಹಿಡಿದಿಟ್ಟುಕೊಳ್ಳದ ಕಾರಣ ಅದನ್ನು ಎರಡು ಮೂರು ದಿನ ಒಗೆಯದೆಯೂ ತೊಡಬಹುದು.

ಬಾಲ್ಕನಿಯ ಕೋಣೆಯಾದರೆ ಅಲ್ಲೇ ಒಣಹಾಕಿದರಾಯಿತಲ್ಲ ಎನ್ನಿಸುತ್ತದೆ. ಹಾಕಬೇಡಿ. ಸಾಗುತ್ತಿರುವ ಹಡಗಿನ ಗಾಳಿಗೆ ಅಂಗಿ ಸಮುದ್ರದ ಪಾಲಾಗುತ್ತದೆ ಎಂಬುದು ಒಂದು ಕಾರಣ, ಬೆಂಕಿಯ ಭಯದಿಂದಲೂ ಮತ್ತಿತರ ಕಾರಣಗಳಿಂದಲೂ ಅಲ್ಲಿ ಬಟ್ಟೆ ತೂಗುಹಾಕುವುದನ್ನು ಹಡಗಿನವರು ಒಪ್ಪುವುದಿಲ್ಲ ಎಂಬುದು ಇನ್ನೊಂದು. ಮೂರನೆಯದು ರಸಾಯನಶಾಸ್ತ್ರದ್ದು: ಕಡಲಿನ ಗಾಳಿಯಲ್ಲಿನ ಉಪ್ಪು ಬಟ್ಟೆಗೆ ಕೂತರೆ ಅದು ಮತ್ತೆ ಮತ್ತೆ ತೇವವನ್ನು ಹೀರಿಕೊಳ್ಳುತ್ತದೆ, ಒಣಗಿದಂತೆ ಕಂಡ ಅಂಗಿ ತೊಟ್ಟಾಗ ಅಂಟಂಟಾಗಿರುತ್ತದೆ. ಹವಾನಿಯಂತ್ರಣದ ಒಳಗಿನ ಗಾಳಿಯೇ ಹೊರಗಿನದಕ್ಕಿಂತ ಶುಷ್ಕ.

ಇನ್ನು ಪತ್ನಿಯವರ ಮುಖ್ಯ ಆಕ್ಷೇಪ. ಫಾರ್ಮಲ್ ನೈಟ್ ಎಂಬ ಹೆಸರು ಹೆದರಿಸುವಷ್ಟು ಅದರ ತೂಕ ಹೆದರಿಸುವುದಿಲ್ಲ. ಮೊದಲಿಗೆ, ನಿಮ್ಮ ಹಡಗಿನವರು ಆ ಹೆಸರಿನಲ್ಲಿ ಕೇಳುತ್ತಿರುವುದು ಏನನ್ನು ಎಂಬುದನ್ನು ಓದಿ. ಕುನಾರ್ಡ್‌ನ ಗಾಲಾ ಸಂಜೆಗಳಲ್ಲಿ ಗಾಢ ಬಣ್ಣದ ಸೂಟ್ ಅಥವಾ ಟಕ್ಸೀಡೊ (ಬೋ ಟೈಯೊಡನೆ ತೊಡುವ ಸಂಜೆಯ ಸೂಟು) ಎಂಬುದನ್ನು ಇಂದಿಗೂ ಗಂಭೀರವಾಗಿ ಪಾಲಿಸುತ್ತಾರೆ. ನಾರ್ವೇಜಿಯನ್ ಕ್ರೂಸ್ ಲೈನ್‌ನಲ್ಲಿ ಕಡ್ಡಾಯದ ಫಾರ್ಮಲ್ ರಾತ್ರಿಯೇ ಇಲ್ಲ. ಹೆಚ್ಚಿನವು ಇವೆರಡರ ನಡುವೆ ಎಲ್ಲೋ ಇವೆ, ಅಲ್ಲಿ ಗಂಡಸರಿಗೆ ಕಾಲರ್ ಇರುವ ಶರ್ಟು, ಒಳ್ಳೆಯ ಪ್ಯಾಂಟು, ಬ್ಲೇಜರ್ ಇದ್ದರೆ ಯಾರೂ ಬಾಗಿಲಲ್ಲಿ ತಡೆಯುವುದಿಲ್ಲ. ಬ್ಲೇಜರನ್ನು ಚೀಲಕ್ಕೆ ಹಾಕಲೇಬೇಡಿ, ತೊಟ್ಟುಕೊಂಡೇ ವಿಮಾನ ಹತ್ತಿ. ಹೆಣಿಗೆಯ ಬಟ್ಟೆಯಲ್ಲಿ ಹೊಲಿದ, ಒಳಪದರವಿಲ್ಲದ ಬ್ಲೇಜರ್ ಆದರೆ ಸೀಟಿನಲ್ಲಿ ನಿದ್ದೆ ಮಾಡಿದರೂ ಸುಕ್ಕಾಗುವುದಿಲ್ಲ, ಅದರ ನಾಲ್ಕು ಜೇಬುಗಳಲ್ಲಿ ಫೋನು, ಕನ್ನಡಕ, ಪಾಸ್‌ಪೋರ್ಟ್ ಇಟ್ಟುಕೊಳ್ಳಬಹುದು.

ಪತ್ನಿಯವರಿಗೆ ನನ್ನ ಸಲಹೆಯೆಂದರೆ, ಸುಕ್ಕುಗಟ್ಟದ ಜರ್ಸಿ ಬಟ್ಟೆಯ, ಒಂದೇ ಗಾಢ ಬಣ್ಣದ ಒಂದು ಉದ್ದನೆಯ ಉಡುಪು. ಅದು ಹೆಚ್ಚೆಂದರೆ 300ರಿಂದ 400 ಗ್ರಾಂ ತೂಗೀತು. ಮೊದಲ ರಾತ್ರಿ ಅದನ್ನು ಹಾಗೆಯೇ, ಎರಡನೆಯ ರಾತ್ರಿ ಬೇರೆ ಸರ, ಬೇರೆ ಹೊದಿಕೆಯೊಂದಿಗೆ ತೊಡಬಹುದು. ಅದೇ ಉಡುಪು ಎಂದು ಯಾರಾದರೂ ಗುರುತಿಸಿಯಾರು ಎಂಬ ಸಂಕೋಚ ಬಂದರೆ, ದೊಡ್ಡ ಹಡಗಿನಲ್ಲಿ ಮೂರು ನಾಲ್ಕು ಸಾವಿರ ಪ್ರಯಾಣಿಕರಿರುತ್ತಾರೆ ಎಂಬುದನ್ನು ನೆನೆದರೆ ಸಾಕು. ಆ ದೊಡ್ಡ ಹೊದಿಕೆಯನ್ನಂತೂ ಮರೆಯದೆ ಇಡಿ. ವಿಮಾನದಲ್ಲಿ ಅದೇ ಕಂಬಳಿ, ಸಂಜೆ ಡೆಕ್ ಮೇಲೆ ಅದೇ ಶಾಲು. ನಿಮ್ಮ ಹಡಗು ರೋಮ್ ನಗರಕ್ಕೆಂದು ಚಿವಿತವೆಕ್ಕಿಯಾ ಬಂದರಿನಲ್ಲಿ ನಿಂತರೆ ವ್ಯಾಟಿಕನ್‌ನ ಸಂತ ಪೀಟರ್ ಬೆಸಿಲಿಕಾದ ಬಾಗಿಲಲ್ಲೂ ಅದೇ ಕೆಲಸಕ್ಕೆ ಬರುತ್ತದೆ, ಏಕೆಂದರೆ ಭುಜ ಮತ್ತು ಮೊಣಕಾಲು ಮುಚ್ಚಿರದವರನ್ನು ಅಲ್ಲಿ ಒಳಗೆ ಬಿಡುವುದಿಲ್ಲ. ಈ ನಿಯಮ ಚಡ್ಡಿ ತೊಟ್ಟ ಗಂಡಸರಿಗೂ ಅನ್ವಯಿಸುತ್ತದೆ. ಇಷ್ಟರ ಮೇಲೂ ಫಾರ್ಮಲ್ ರಾತ್ರಿ ಬೇಡವೆನಿಸಿದರೆ ಬಫೆಯಲ್ಲಿ ಮಾಮೂಲಿ ಬಟ್ಟೆಯಲ್ಲೇ ಊಟ ಮಾಡಬಹುದು. ಆ ರಾತ್ರಿಯ ನಿಯಮ ಬಹುಪಾಲು ಹಡಗುಗಳಲ್ಲಿ ಮುಖ್ಯ ಭೋಜನಶಾಲೆಗೆ ಮತ್ತು ಕೆಲವು ವಿಶೇಷ ರೆಸ್ಟೋರೆಂಟ್‌ಗಳಿಗೆ ಮಾತ್ರ ಸೀಮಿತ.

ಇಸ್ತ್ರಿ ಪೆಟ್ಟಿಗೆಯನ್ನೂ ಬಟ್ಟೆಗೆ ಹಬೆ ಹಿಡಿಯುವ ಸಾಧನವನ್ನೂ ಒಯ್ಯಲು ಬಿಡುವುದಿಲ್ಲ, ತಪಾಸಣೆಯಲ್ಲಿ ಸಿಕ್ಕರೆ ತೆಗೆದಿಟ್ಟುಕೊಳ್ಳುತ್ತಾರೆ. ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಭಯ ಇನ್ನೊಂದಿಲ್ಲ. ಶರ್ಟನ್ನು ಸ್ನಾನದ ಹೊತ್ತಿನಲ್ಲಿ ಸ್ನಾನಗೃಹದೊಳಗೆ ತೂಗುಹಾಕಿದರೆ ಸುಕ್ಕು ಒಂದಷ್ಟು ಇಳಿಯುತ್ತದೆ. ಪೂರ್ತಿ ಇಳಿಯುತ್ತದೆ ಎನ್ನುವವರ ಮಾತನ್ನು ನಂಬಬೇಡಿ.

ಪಾದರಕ್ಷೆಯ ವಿಷಯದಲ್ಲಿ ನಾನು ಯಾವ ರಾಜಿಯನ್ನೂ ಒಪ್ಪುವುದಿಲ್ಲ: ಕಾಲಲ್ಲಿ ಒಂದು ಜೊತೆ, ಚೀಲದಲ್ಲಿ ಹೆಚ್ಚೆಂದರೆ ಎರಡು. ಅತಿ ಭಾರದ ನಡಿಗೆಯ ಬೂಟು ಕಾಲಲ್ಲಿರಲಿ. ಚೀಲದಲ್ಲಿ ಈಜುಕೊಳದ ಬಳಿಗೂ ಕೋಣೆಗೂ ಆಗುವ ಹಗುರವಾದ ಚಪ್ಪಲಿ ಒಂದು, ರಾತ್ರಿಯೂಟಕ್ಕೆ ಚಪ್ಪಟೆ ಅಡಿಯ ತೆಳು ಷೂ ಒಂದು. ನಡಿಗೆಯ ಬೂಟಿನ ಅಡಿಭಾಗ ಹಿಡಿತವುಳ್ಳದ್ದಾಗಿರಬೇಕು. ದುಬ್ರೋವ್ನಿಕ್‌ನ ಹಳೆಯ ಪಟ್ಟಣದ ಸುಣ್ಣಕಲ್ಲಿನ ಬೀದಿಗಳು ಶತಮಾನಗಳ ಓಡಾಟದಿಂದ ಕನ್ನಡಿಯಂತಾಗಿವೆ, ಮಳೆ ಬಿದ್ದರೆ ಜಾರುತ್ತವೆ. ನೇಪಲ್ಸ್ ಬಂದರಿನಿಂದ ಪಾಂಪೆಗೆ ಹೋದರೆ ಅಲ್ಲಿನ ದೊಡ್ಡ ದೊಡ್ಡ ಹಾಸುಗಲ್ಲುಗಳ ಮೇಲೆ ತೆಳು ಅಡಿಯ ಷೂ ಒಂದು ತಾಸಿಗೇ ಕಾಲನ್ನು ನೋಯಿಸುತ್ತದೆ.

ಚೆಕ್-ಇನ್ ಲಗೇಜ್ ಇಲ್ಲದವರ ನಿಜವಾದ ಇಕ್ಕಟ್ಟು ಬಟ್ಟೆಯಲ್ಲ, ದ್ರವಗಳು. 2006ರ ಆಗಸ್ಟ್‌ನಲ್ಲಿ ಲಂಡನ್ನಿನಿಂದ ಹೊರಡುವ ವಿಮಾನಗಳಲ್ಲಿ ದ್ರವ ಸ್ಫೋಟಕ ಬಳಸುವ ಸಂಚು ಬಯಲಾದ ಮೇಲೆ ಬಂದ ನಿಯಮ ಇಂದಿಗೂ ಬಹುಪಾಲು ಕಡೆ ಜಾರಿಯಲ್ಲಿದೆ: ಪ್ರತಿ ಬಾಟಲಿ 100 ಮಿ.ಲೀ. ಮೀರಬಾರದು, ಎಲ್ಲವೂ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಯಬೇಕು. ಹೊಸ ಬಗೆಯ ಸ್ಕ್ಯಾನರ್ ಬಂದಿರುವ ಕೆಲವು ನಿಲ್ದಾಣಗಳಲ್ಲಿ ಇದನ್ನು ಸಡಿಲಿಸಿದ್ದಾರೆ, ಆದರೆ ನಡುವೆ ವಿಮಾನ ಬದಲಿಸುವ ಕಡೆ ಅಥವಾ ಮರಳುವಾಗ ಹಳೆಯ ನಿಯಮವೇ ಎದುರಾಗಬಹುದಾದ್ದರಿಂದ ಆ ಸಡಿಲಿಕೆಯನ್ನು ನೆಚ್ಚಬೇಡಿ. ಶಾಂಪೂ ಮತ್ತು ಸೋಪು ಹಡಗಿನಲ್ಲೇ ಇರುತ್ತವೆ. ತೊಂದರೆ ಕೊಡುವುದು ಸನ್‌ಸ್ಕ್ರೀನ್. ವಯಸ್ಕರೊಬ್ಬರು ಮೈಗೆಲ್ಲ ಒಮ್ಮೆ ಸರಿಯಾಗಿ ಬಳಿದುಕೊಳ್ಳಲು ಸುಮಾರು 30 ಮಿ.ಲೀ. ಬೇಕು, ಬಿಸಿಲಿನಲ್ಲಿದ್ದಷ್ಟು ಹೊತ್ತು ಎರಡು ತಾಸಿಗೊಮ್ಮೆ ಮತ್ತೆ ಬಳಿಯಬೇಕು. ಹಾಗೆ ನೋಡಿದರೆ 100 ಮಿ.ಲೀ. ಬಾಟಲಿ ಮೂರು ಸಲಕ್ಕೆ ಮುಗಿಯಿತು. ಹಡಗು ಹತ್ತುವ ಊರಿನ ಔಷಧದಂಗಡಿಯಲ್ಲಿ ದೊಡ್ಡ ಬಾಟಲಿಯೊಂದನ್ನು ಕೊಳ್ಳುವುದು ಇದಕ್ಕೆ ನೇರ ಪರಿಹಾರ. ಹಡಗಿನ ಅಂಗಡಿಯಲ್ಲೂ ಸಿಗುತ್ತದೆ, ಬೆಲೆ ಮಾತ್ರ ಚುರುಕು ಮುಟ್ಟಿಸುತ್ತದೆ. ತೋಳು ಮುಚ್ಚುವ ತೆಳು ಅಂಗಿ, ಅಗಲ ಅಂಚಿನ ಟೋಪಿ ಇದ್ದರೆ ಬಳಿಯಬೇಕಾದ ಮೈಯೇ ಅರ್ಧಕ್ಕಿಳಿಯುತ್ತದೆ ಎಂಬುದು ನನಗೆ ಹೆಚ್ಚು ಇಷ್ಟವಾದ ಪರಿಹಾರ. ಮುಖಕ್ಕೆ ಗಟ್ಟಿ ಕಡ್ಡಿಯ ರೂಪದ್ದು ಸಿಗುತ್ತದೆ, ಅದನ್ನು ದ್ರವವೆಂದು ಎಣಿಸುವುದಿಲ್ಲ.

ವಿದ್ಯುತ್ತಿನ ಸಾಮಾನುಗಳಲ್ಲಿ ಮೊದಲ ಸಲ ಹೋಗುವವರು ಎಡವುವುದು ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ. ಕೋಣೆಯಲ್ಲಿ ಸಾಕೆಟ್ ಕಡಿಮೆ ಎಂದು ಕೇಳಿ ಅದನ್ನು ಒಯ್ಯುತ್ತಾರೆ, ಹಡಗಿನವರು ಅದನ್ನು ವಶಪಡಿಸಿಕೊಳ್ಳುತ್ತಾರೆ. ಇದು ಸುಮ್ಮನೆ ಕಾಟ ಕೊಡುವ ನಿಯಮವಲ್ಲ. ನೆಲದ ಮೇಲಿನ ವೈರಿಂಗ್‌ನಲ್ಲಿ ನ್ಯೂಟ್ರಲ್ ತಂತಿಗೆ ಭೂಸಂಪರ್ಕವಿರುತ್ತದೆ, ಹಡಗಿನ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಎರಡು ತಂತಿಗಳಲ್ಲಿ ಯಾವುದಕ್ಕೂ ಆ ಸಂಪರ್ಕವಿರುವುದಿಲ್ಲ. ಅದರಿಂದಾಗಿ ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ಏಕಾಏಕಿ ಏರಿದಾಗ ಸಾಧನಗಳನ್ನು ಕಾಯುವ ಭಾಗ) ಇರುವ ಬಾಕ್ಸುಗಳು ಅಲ್ಲಿ ಬಿಸಿಯೇರಿ ಹೊತ್ತಿಕೊಳ್ಳುವ ಅಪಾಯವಿದೆ, ಅಮೆರಿಕದ ಕೋಸ್ಟ್ ಗಾರ್ಡ್ 2013ರಲ್ಲೇ ಈ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು. ನಾಲ್ಕು ಯುಎಸ್‌ಬಿ ಕಿಂಡಿಗಳಿರುವ ಒಂದು ಚಾರ್ಜರ್ ನಿಮ್ಮಿಬ್ಬರಿಗೂ ಸಾಕು. ಪವರ್ ಬ್ಯಾಂಕ್ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು, ಸಾಮಾನ್ಯ ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್‌ನದು ಸುಮಾರು 74 ವ್ಯಾಟ್-ಅವರ್ ಆಗುವುದರಿಂದ ಅದಕ್ಕೆ ಅಡ್ಡಿಯಿಲ್ಲ. ಆದರೆ ತುಂಬಿದ ವಿಮಾನಗಳಲ್ಲಿ ಮೇಲಿನ ಗೂಡುಗಳು ಸಾಲದೆ ಹೋದಾಗ ಕ್ಯಾಬಿನ್ ಬ್ಯಾಗನ್ನು ಬಾಗಿಲಲ್ಲೇ ತೆಗೆದುಕೊಂಡು ಕೆಳಗೆ ಹಾಕುವುದುಂಟು. ಆದ್ದರಿಂದ ಪವರ್ ಬ್ಯಾಂಕ್, ಔಷಧಗಳು, ಪಾಸ್‌ಪೋರ್ಟ್, ಹಡಗಿನ ಟಿಕೆಟ್, ಒಂದು ಜೊತೆ ಒಳಉಡುಪು ಇವು ಸೀಟಿನಡಿಯ ಸಣ್ಣ ಚೀಲದಲ್ಲಿರಲಿ. ಬಂದರುಗಳಲ್ಲಿ ಇಳಿದು ತಿರುಗಾಡುವಾಗ ಹೆಗಲಿಗೆ ಹಾಕಿಕೊಳ್ಳುವ ಚೀಲವೂ ಅದೇ ಆಗುವಂತೆ ಆರಿಸಿಕೊಳ್ಳಿ. ದಿನನಿತ್ಯದ ಔಷಧಗಳನ್ನು ಪ್ರವಾಸದ ಅವಧಿಗಿಂತ ನಾಲ್ಕೈದು ದಿನಕ್ಕೆ ಹೆಚ್ಚಾಗುವಷ್ಟು, ಅವುಗಳ ಮೂಲ ಪೊಟ್ಟಣದಲ್ಲೇ ಇಟ್ಟುಕೊಳ್ಳಿ. ಕಡಲಕಾಯಿಲೆಯ ಮಾತ್ರೆ ಬೇಕಾದೀತು ಎನಿಸಿದರೆ ನಿಮ್ಮ ವೈದ್ಯರನ್ನು ಹೊರಡುವ ಮೊದಲೇ ಕೇಳಿ.

ಟವೆಲ್, ಈಜುಕೊಳದ ಟವೆಲ್, ಹ್ಯಾಂಗರ್, ಕೂದಲು ಒಣಗಿಸುವ ಯಂತ್ರ ಹಡಗಿನಲ್ಲೇ ಇರುತ್ತವೆ. ಲೈಫ್ ಜಾಕೆಟ್ ಕೂಡ ಅವರದೇ. ಒಯ್ಯಬೇಕಾದ, ಆದರೆ ಯಾರೂ ಹೇಳದ ಒಂದು ವಸ್ತುವಿದೆ, ಅದು ಅಯಸ್ಕಾಂತದ ಕೊಕ್ಕೆ. ಕೋಣೆಯ ಗೋಡೆಗಳು ಬಹುತೇಕ ಉಕ್ಕಿನ ಹಲಗೆಗಳಾದ್ದರಿಂದ ಅಂಥ ಮೂರು ಕೊಕ್ಕೆಗಳಿದ್ದರೆ ಟೋಪಿ, ಚೀಲ, ಅರೆಒಣಗಿದ ಅಂಗಿ ಎಲ್ಲಕ್ಕೂ ಜಾಗ ಸಿಗುತ್ತದೆ.

ಮರಳುವಾಗಿನ ಒಂದು ಬೋನನ್ನು ಈಗಲೇ ತೋರಿಸಿಬಿಡುತ್ತೇನೆ. ದಾರಿಯ ಬಂದರುಗಳಲ್ಲಿ ವೈನ್, ಆಲಿವ್ ಎಣ್ಣೆ, ಜೇನು ಮುಂತಾದವನ್ನು ಕೊಳ್ಳುವ ಮನಸ್ಸಾಗುತ್ತದೆ. ಮದ್ಯದ ಬಾಟಲಿಯನ್ನು ಬಹುಪಾಲು ಹಡಗುಗಳಲ್ಲಿ ಹತ್ತುವಾಗಲೇ ತೆಗೆದಿಟ್ಟುಕೊಂಡು ಕೊನೆಯ ರಾತ್ರಿ ಹಿಂದಿರುಗಿಸುತ್ತಾರೆ. ಹಿಂದಿರುಗಿಸಿದ್ದನ್ನು ಮರುದಿನ ವಿಮಾನದ ಕೈಚೀಲದಲ್ಲಿ ಒಯ್ಯಲಾಗದು, 100 ಮಿ.ಲೀ. ನಿಯಮ ಅಡ್ಡ ಬರುತ್ತದೆ. ಹಗುರ ಪ್ರವಾಸಿಗರು ಬಾಟಲಿಯಲ್ಲಿ ತುಂಬಿದ ಯಾವುದನ್ನೂ ಮನೆಗೆಂದು ಕೊಳ್ಳಬಾರದು.

ಮೆಡಿಟರೇನಿಯನ್ ಬೆಚ್ಚಗಿನ ತಿಂಗಳುಗಳಲ್ಲಿ ಈ ಪ್ರಯೋಗಕ್ಕೆ ತುಂಬ ಸಲೀಸಾದ ಜಾಗ. ಅಲಾಸ್ಕಾಕ್ಕೆ ಹೊರಟಿದ್ದರೆ ಹಿಮನದಿಯೆದುರು ಡೆಕ್ ಮೇಲೆ ನಿಲ್ಲಲು ಇನ್ನೊಂದು ಬೆಚ್ಚನೆಯ ಪದರವನ್ನೂ ಮಳೆಯ ಪ್ಯಾಂಟನ್ನೂ ಸೇರಿಸಿ ಎನ್ನುತ್ತಿದ್ದೆ, ಆಗಲೂ ಒಂದೇ ಚೀಲ ಸಾಧ್ಯ. ಕೈಗೂಸಿನೊಡನೆ ಹೋಗುವವರಿಗೆ, ಆಳಸಮುದ್ರದ ಈಜಿನ ಸಲಕರಣೆ ಒಯ್ಯುವವರಿಗೆ ನಾನು ಇದನ್ನು ಹೇಳುವುದೇ ಇಲ್ಲ.

ಹೊರಡುವ ಎರಡು ವಾರ ಮೊದಲು ಚೀಲ ತುಂಬಿ ಒಮ್ಮೆ ತೂಗಿ ನೋಡಿ, ಮತ್ತು ಅದರಲ್ಲಿರುವ ಪ್ರತಿ ಬಟ್ಟೆಯನ್ನೂ ಒಂದು ರಾತ್ರಿ ನಿಮ್ಮ ಸ್ನಾನಗೃಹದಲ್ಲಿ ಒಗೆದು ಒಣಹಾಕಿ ನೋಡಿ. ಬೆಳಿಗ್ಗೆ ಒದ್ದೆಯಿರುವುದು ಮನೆಯಲ್ಲೇ ಉಳಿಯಲಿ. ಹಡಗು ಹೊರಡುವ ಊರಿಗೆ ಹಿಂದಿನ ದಿನವೇ ತಲುಪುವಂತೆ ವಿಮಾನ ಹಿಡಿಯಿರಿ. ಕೊನೆಯ ಸಂಜೆ ಸ್ವಾಗತ ಮೇಜಿನಲ್ಲಿ, ತಮ್ಮ ಸಾಮಾನನ್ನು ತಾವೇ ಹೊತ್ತು ಇಳಿಯುವವರು ಯಾವ ಡೆಕ್‌ನಲ್ಲಿ ಎಷ್ಟು ಹೊತ್ತಿಗೆ ಸೇರಬೇಕು ಎಂದು ಕೇಳಿಕೊಳ್ಳಿ. ಆ ಹೊತ್ತಿಗೆ ಲಿಫ್ಟುಗಳು ತುಂಬಿರುತ್ತವೆ, ಮೆಟ್ಟಿಲೇ ವಾಸಿ. ಅಷ್ಟು ಬೇಗ ಇಳಿದರೂ ಬಂದರಿನ ಅನುಮತಿ ತಡವಾದರೆ ಎಲ್ಲರೂ ಕಾಯಲೇಬೇಕಾದ್ದರಿಂದ, ಮರಳುವ ವಿಮಾನ ಮಧ್ಯಾಹ್ನಕ್ಕಿಂತ ಮೊದಲಿನದಾಗದಂತೆ ನೋಡಿಕೊಳ್ಳಿ.